ಹಾಡು ಬರುತ್ತೆ, ಕುಣಿಯೋಕೆ ಬರಲ್ಲ, ಮೈ ಬೇರೆ ಭಾರ: ಮ್ಯೂಸಿಕಲ್ ನಾಟಕಕ್ಕೆ ಹೋಗಬಹುದಾ?

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ, ಕ್ಯಾತ್ಸಂದ್ರ):

ನಮಸ್ತೆ ಮೇಡಂ. ಈ ವಾರ ರಂಗಭೂಮಿಯವರನ್ನ ಏನು ಬೇಕಾದ್ರೂ ಕೇಳಬಹುದು ಅಂತ ಗುಂಪಿನ ಅಡ್ಮಿನ್ ಹಾಕಿದ್ದು ನೋಡಿ ಬರೀತಿದೀನಿ. ತುಮಕೂರಲ್ಲಿ ಬಿ.ಕಾಂ. ಕೊನೇ ವರ್ಷ ಓದ್ತಿದೀನಿ. ಕರ್ನಾಟಕ ಸಂಗೀತ ಜೂನಿಯರ್ ಪರೀಕ್ಷೆ ಆಗಿದೆ. ಕಾಲೇಜು ನಾಟಕಗಳಲ್ಲಿ ಮೇಳದ ಜೊತೆ ಕೂತು ಹಾಡಿದೀನಿ. ಬೆಂಗಳೂರಲ್ಲಿ ಒಂದು ಮ್ಯೂಸಿಕಲ್ ನೋಡಿದ್ಮೇಲೆ ಇದೇ ಬೇಕು ಅನ್ನಿಸಿದೆ. ಕೂತು ಹಾಡೋದಲ್ಲ, ಪಾತ್ರವಾಗಿ ಹಾಡೋದು. ಆದ್ರೆ ನನ್ನ ತೂಕ ಜಾಸ್ತಿ, ಎರಡು ಮಹಡಿ ಹತ್ತಿದ್ರೆ ಏದುಸಿರು. ಡ್ಯಾನ್ಸ್ ಕಲಿತೇ ಇಲ್ಲ, ಮದುವೆ ಮನೇಲಿ ಕೈ ಹಿಡಿದು ಎಳೆದ್ರೂ ಮೂಲೆ ಹಿಡೀತೀನಿ. ಮೊದಲು ಸಣ್ಣ ಆಗಿ, ಡ್ಯಾನ್ಸ್ ಕಲಿತು, ಆಮೇಲೆ ಆಡಿಷನ್ನಿಗೆ ಹೋಗಲಾ? ಇಲ್ಲಾ ಇದು ನನ್ನಂಥವರಿಗಲ್ಲ ಅಂತ ಬಿಟ್ಟುಬಿಡಲಾ? ಅಮ್ಮ ಅಂತೂ ಬಿ.ಎಡ್. ಮಾಡು ಅಂತಿದಾರೆ.

ಉತ್ತರ (ರಂಗನಟಿ, ಆಂಗಿಕ ಅಂದರೆ ಮೈ ಚಲನೆಯ ತರಬೇತಿ ಕೊಡುವವರು):

ಸಣ್ಣ ಆದ್ಮೇಲೆ ಹೋಗ್ತೀನಿ ಅಂದವರು ಯಾರೂ ಹೋಗಿದ್ದನ್ನ ನಾನು ನೋಡಿಲ್ಲ ಕಣಮ್ಮ. ನೀನು ತೂಕ, ದಮ್ಮು, ಕುಣಿತ ಮೂರನ್ನೂ ಒಂದೇ ಗಂಟಿಗೆ ಕಟ್ಟಿದ್ದೀಯ. ಮೊದಲು ಅದನ್ನ ಬಿಚ್ಚೋಣ.

ತೂಕದ ಮಾತು ಬೇಗ ಮುಗಿಸ್ತೀನಿ. ತೂಕ ನೋಡಿ ಪಾತ್ರ ಕೊಡದ ನಿರ್ದೇಶಕರು ಇದ್ದಾರೆ, ಇಲ್ಲ ಅಂದ್ರೆ ಸುಳ್ಳಾಗುತ್ತೆ. ಅವರನ್ನ ಬದಲಾಯಿಸೋ ಕೆಲಸ ನಿನ್ನದಲ್ಲ. ಆದರೆ ಊಟ ಬಿಟ್ಟು ಸಣ್ಣ ಆಗೋಕೆ ಹೋಗಬೇಡ, ಹೊಟ್ಟೆ ಖಾಲಿ ಇಟ್ಕೊಂಡವರ ದನಿಗೆ ತ್ರಾಣ ಇರಲ್ಲ.

ದಮ್ಮಿನ ವಿಷಯ ಬೇರೆ. ಇಪ್ಪತ್ತೊಂದರ ಆಸುಪಾಸಿನ ಹುಡುಗಿಗೆ ಎರಡು ಮಹಡಿಗೇ ಏದುಸಿರು ಅಂದ್ರೆ ಅದನ್ನ ತೂಕದ ತಲೆ ಮೇಲೆ ಹಾಕಿ ಸುಮ್ಮನಾಗಬಾರದು. ಹೋಗಿ ರಕ್ತ ಪರೀಕ್ಷೆ ಮಾಡಿಸು. ನಿನ್ನ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ರೆ ರಕ್ತಹೀನತೆ ಅಂತ ಲೆಕ್ಕ, ನಮ್ಮಲ್ಲಿ ಅದು ಬಹಳ ಜನಕ್ಕಿದೆ. ಥೈರಾಯ್ಡೂ ನೋಡಿಸು. ಓಡಿದಾಗ ಎದೆ ಬಿಗಿಯೋದು, ಕೆಮ್ಮು, ಸುಂಯ್ ಅನ್ನೋ ಸದ್ದು ಇದ್ರೆ ಡಾಕ್ಟರಿಗೆ ಮುಚ್ಚಿಡದೆ ಹೇಳು. ಆಸ್ತಮಾ ಇದ್ದೂ ಇನ್ಹೇಲರ್ ಇಟ್ಕೊಂಡು ರಂಗದ ಮೇಲೆ ಚೆನ್ನಾಗಿ ಹಾಡೋರು ಇದ್ದಾರೆ.

ಈಗ ಅಸಲು ವಿಷಯ. ವ್ಯಾಯಾಮ ಎಷ್ಟು ಜೋರಾಗಿದೆ ಅಂತ ತಿಳಿಯೋಕೆ ಡಾಕ್ಟರುಗಳು ಒಂದು ಸುಲಭ ಅಳತೆ ಹೇಳ್ತಾರೆ: ಮಾತಾಡೋಕಾಗುತ್ತೆ, ಹಾಡೋಕಾಗಲ್ಲ ಅಂದ್ರೆ ಮಧ್ಯಮ ಶ್ರಮ. ಮ್ಯೂಸಿಕಲ್ ಕೇಳೋದು ಅದೇ ಶ್ರಮದಲ್ಲಿದ್ದಾಗಲೇ ಹಾಡು ಅಂತ. ಒಳ್ಳೆ ಡ್ಯಾನ್ಸರುಗಳೂ ಇಲ್ಲೇ ಸೋಲೋದು, ಮೈ ಗಾಳಿಯಂಗೆ ಹೋಗುತ್ತೆ, ಚರಣಕ್ಕೆ ಬಂದಾಗ ದನಿ ಕಿತ್ತುಹೋಗುತ್ತೆ. ಹಾಗಾಗಿ ನಿನಗೆ ಬೇಕಿರೋದು ಡ್ಯಾನ್ಸರ್ ಮೈಯಲ್ಲ. ನಾಟಕ ಕೇಳೋ ಚಲನೆ ನಿನ್ನ ಮೈಗೆ ಲಘು ಅನ್ನಿಸೋ ಅಷ್ಟು ಕಸುವು, ಮೇಲೆ ಹಾಡೋಕೆ ಮಿಗೋ ಉಸಿರು.

ಅದಕ್ಕೆ ಜಿಮ್ಮು ಬೇಕಾಗಿಲ್ಲ. ನಿನಗೆ ಸಂಗೀತದ ಮೊದಲ ಪಾಠ ಸರಳೆ, ಅಲಂಕಾರ ಬರುತ್ತೆ ತಾನೆ? ಅಮಾನಿಕೆರೆ ಹಾದೀಲಿ ಬೆಳಿಗ್ಗೆ ಅರ್ಧ ಗಂಟೆ ಬೀಸಾಗಿ ನಡಿ. ಮೊದಲ ಕೆಲವು ವಾರ ಬರೀ ನಡಿಗೆ. ಆಮೇಲೆ ತಾಳದ ಅಕ್ಷರಕ್ಕೊಂದು (ಎಣಿಕೆಗೊಂದು) ಹೆಜ್ಜೆ ಇಟ್ಟು ಆದಿತಾಳದಲ್ಲಿ ಸರಳೆ ಹಾಡ್ತಾ ನಡಿ, ಒಂದನೇ ಕಾಲ ಅಂದ್ರೆ ನಿಧಾನದ ವೇಗ ಮಾತ್ರ. ಉಸಿರು ಎಲ್ಲಿ ತಗೊಂಡೆ ಗಮನಿಸು. ಎರಡನೇ ಕಾಲಕ್ಕೆ ಹೆಜ್ಜೆ ಅಷ್ಟೇ ಇರಲಿ, ಹಾಡಿನ ವೇಗ ಮಾತ್ರ ದುಪ್ಪಟ್ಟಾಗಲಿ. ಅದು ಸಲೀಸಾದ ಮೇಲೆ ಮಿಶ್ರ ಛಾಪು ತಾಳಕ್ಕೆ ಹೋಗು: ಏಳಕ್ಷರ ಇರೋದರಿಂದ ಪ್ರತಿ ಆವರ್ತಕ್ಕೂ ಕಾಲು ಅದಲುಬದಲಾಗುತ್ತೆ, ಮೈಗೂ ತಲೆಗೂ ಒಟ್ಟಿಗೆ ಕೆಲಸ. ನೋಡಿದವರು ನಗಬಹುದು. ಮುಂದೆ ಸಾವಿರ ಜನರ ಮುಂದೆ ನಿಲ್ಲೋಳಿಗೆ ಅದೂ ಅಭ್ಯಾಸವೇ.

ಮಂಡಿ ನೋವಿಲ್ಲ ಅಂದ್ರೆ ಕುರ್ಚಿ ಹಿಡ್ಕೊಂಡು ಅರ್ಧ ಬಸ್ಕಿ ಹೊಡಿ. ಸಿದ್ಧಗಂಗೆ ಬೆಟ್ಟದ ಮೆಟ್ಟಿಲು ನಿಮ್ಮನೆ ಪಕ್ಕದಲ್ಲೇ ಇದೆ. ಆದರೆ ಅದು ರಕ್ತ ಪರೀಕ್ಷೆ ಆದ್ಮೇಲೆ, ನಡಿಗೆ ಹದಕ್ಕೆ ಬಂದ್ಮೇಲೆ.

ಪ್ರಶ್ನೆ ಕೇಳಿದವರು:

ಮೇಡಂ, ತುಂಬಾ ಥ್ಯಾಂಕ್ಸ್. ಸುಂಯ್ ಸದ್ದು ಎಲ್ಲ ಇಲ್ಲ. ಆದ್ರೆ ಡ್ಯಾನ್ಸ್? ಆಡಿಷನ್ನಲ್ಲಿ ಡ್ಯಾನ್ಸ್ ಕೂಡ ಮಾಡಿಸ್ತಾರೆ ಅಂತ ಕೇಳಿ ಕೈಕಾಲು ತಣ್ಣಗಾಗಿದೆ.

ಉತ್ತರ:

ಮಾಡಿಸ್ತಾರೆ. ಇಂಗ್ಲಿಷ್ ಮಾದರಿಯ ಮ್ಯೂಸಿಕಲ್ಲಾದ್ರೆ ಮೊದಲು ಹಾಡಿನ ಒಂದು ತುಣುಕು, ಆಮೇಲೆ ಮಾತು, ಆಮೇಲೆ ಗುಂಪಲ್ಲಿ ನಿಲ್ಲಿಸಿ ಎಂಟೆಂಟು ಎಣಿಕೆಯ ನಾಲ್ಕಾರು ಹೆಜ್ಜೆ ಅಲ್ಲೇ ಕಲಿಸಿ ಮಾಡಿಸ್ತಾರೆ. ಡ್ಯಾನ್ಸರ್ ಪಾತ್ರಕ್ಕೆ ಬಂದವರ ಕಾಲು ನೋಡ್ತಾರೆ. ಹಾಡುಗಾರರಲ್ಲಿ ನೋಡೋದು ಬೇರೆ: ಎಡ ಬಲ ಗೊತ್ತಾಗುತ್ತಾ, ತಾಳ ಬಿಡ್ತಾಳಾ, ತಪ್ಪಿದಾಗ ನಾಲಿಗೆ ಕಚ್ಚಿ ನಿಂತುಬಿಡ್ತಾಳಾ ಇಲ್ಲಾ ಮುಂದಿನ ಎಣಿಕೆಗೆ ಸೇರ್ಕೊಳ್ತಾಳಾ. ಹೆಜ್ಜೆ ಮರೆತರೆ ಕಾಲಲ್ಲಿ ತಾಳ ಹಾಕ್ತಾ ಮುಖ ಎತ್ತಿಕೊಂಡಿರು. ಕೊನೇ ಸಾಲಿಗೆ ಮಾತ್ರ ಹೋಗಬೇಡ, ಅಲ್ಲಿಂದ ಕಲಿಸೋರ ಕಾಲೇ ಕಾಣಲ್ಲ.

ಕುಣಿತಕ್ಕೂ ಹಾಡಿಗೂ ಬೇರೆ ಬೇರೆ ಜನ ಇರೋ ನಾಟಕಗಳು ಬಹಳ ಇವೆ. 2016ರಲ್ಲಿ ಮುಂಬೈಯಲ್ಲಿ ಶುರುವಾದ, ಹಳೇ ಹಿಂದಿ ಸಿನಿಮಾ ಮುಘಲ್-ಎ-ಆಜಂನ ರಂಗರೂಪದಲ್ಲಿ ನಾಯಕಿ ರಂಗದ ಮೇಲೇ ಲೈವ್ ಹಾಡ್ತಾಳೆ, ನೃತ್ಯದ ಭಾರ ಹೊರೋಕೆ ಕಥಕ್ ನರ್ತಕಿಯರ ದೊಡ್ಡ ತಂಡವೇ ಇದೆ. ನೃತ್ಯ ಸಂಯೋಜನೆ ನಮ್ಮ ಬೆಂಗಳೂರಿನ ಮಯೂರಿ ಉಪಾಧ್ಯ ಅವರದು. ಹಾಗಂತ ಪೂರ್ತಿ ನೃತ್ಯದ ಮೇಲೇ ನಿಂತ ನಾಟಕದ ಕೋರಸ್‌ಗೆ ಸದ್ಯ ಅರ್ಜಿ ಹಾಕಬೇಡ. ಅದು ಚಿಕ್ಕಂದಿನಿಂದ ನೃತ್ಯ ಕಲಿತವರ ಜಾಗ.

ಕಲಿಯೋಕೆ ಎಲ್ಲಿಂದ ಶುರು ಮಾಡಲಿ ಅಂದ್ರೆ ಭರತನಾಟ್ಯ ಅಂತ ನಾನು ಹೇಳಲ್ಲ (ಹೇಳೋರು ಇದ್ದಾರೆ, ಜಗಳ ಬೇಡ). ಅದು ವರ್ಷಗಟ್ಟಲೆ ಕೇಳುತ್ತೆ. ಕೋಲಾಟಕ್ಕೆ ಸೇರ್ಕೋ. ಎಣಿಕೆ, ಎದುರಿನವರ ಕಣ್ಣು, ಜಾಗ ಬದಲಿಸೋದು, ಹಾಡ್ತಾ ಕುಣಿಯೋದು, ಎಲ್ಲಾ ಅದರಲ್ಲಿದೆ, ಮ್ಯೂಸಿಕಲ್ಲಿನ ಗುಂಪು ದೃಶ್ಯಕ್ಕೆ ಬೇಕಾಗೋದೂ ಇಷ್ಟೇ. ತಪ್ಪಿದ್ರೆ ಕೋಲೇ ಗೆಣ್ಣಿಗೆ ಬಿದ್ದು ತಿದ್ದುತ್ತೆ. ನಮ್ಮ ಜಿಲ್ಲೇಲಿ ಬಯಲುಸೀಮೆಯ ಮೂಡಲಪಾಯ ಯಕ್ಷಗಾನ ಇನ್ನೂ ಉಸಿರಾಡ್ತಿದೆ, ಅದರ ಹೆಜ್ಜೆ ಸಿಕ್ಕರೆ ಅದೃಷ್ಟ.

ಗುಂಪಿನ ಸದಸ್ಯರು (ತಿಪಟೂರು):

ಇಷ್ಟೆಲ್ಲಾ ಯಾಕೆ ತಾಯಿ? ಹಳ್ಳಿ ಕಡೆ ಪೌರಾಣಿಕ ನಾಟಕಕ್ಕೆ ಹಾಡೋ ಹೆಣ್ಣು ಪಾತ್ರಧಾರಿಗಳು ಸಿಗ್ತಾನೇ ಇಲ್ಲ. ಹಾರ್ಮೋನಿಯಂ ಮೇಷ್ಟ್ರ ಪಕ್ಕ ನಿಂತು ಕಂದ ಪದ್ಯ ಹಾಡಿದ್ರೆ ಮುಗೀತು, ಕುಣಿಯೋದೇ ಬೇಡ.

ಉತ್ತರ:

ಅಣ್ಣ, ಅರ್ಧ ಒಪ್ತೀನಿ. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿದ ಜಿಲ್ಲೇಲಿ ಕೂತು ಮ್ಯೂಸಿಕಲ್ ಅಂದ್ರೆ ಮುಂಬೈ ಕಡೆ ಮಾತ್ರ ನೋಡೋದು ನನಗೂ ಸರಿ ಕಾಣಲ್ಲ. ಮೈಕು ಇಲ್ಲದ ಕಾಲದಲ್ಲಿ ಕೊನೇ ಬೆಂಚಿಗೆ ಕೇಳಿಸೋ ಹಾಗೆ ಹಾಡಿದವರ ಪರಂಪರೆ ಅದು. ಆ ಕಂಪನಿಯ ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ರಂಗದ ಮೇಲೆ ಹಾಡೋದನ್ನ ಈ ಹುಡುಗಿ ಒಮ್ಮೆ ಕೇಳಲಿ, ನಟಿಯ ಹಾಡುಗಾರಿಕೆ ಕಛೇರಿ ಹಾಡುಗಾರಿಕೆಯಲ್ಲ ಅಂತ ತಿಳಿಯುತ್ತೆ. ಮಾತಿನ ತುದೀಲಿ ಹಾಡು ಹುಟ್ಟಬೇಕು.

ಆದರೆ ನಿಂತು ಹಾಡಿದ್ರೆ ಮುಗೀತು ಅನ್ನೋದು ಪೂರ್ತಿ ನಿಜ ಅಲ್ಲ. ಕುರುಕ್ಷೇತ್ರ ನಾಟಕ ರಾತ್ರಿ ಶುರುವಾದ್ರೆ ಬೆಳಕು ಹರಿಯೋತನಕ. ಕಿರೀಟ, ಒಡವೆ, ಜರಿ ಸೀರೆ ಹೊತ್ಕೊಂಡು, ಜನ ಒನ್ಸ್ ಮೋರ್ ಅಂದ್ರೆ ಅದೇ ಕಂದ ಮತ್ತೆ. ದ್ರೌಪದಿ, ರುಕ್ಮಿಣಿ ಪಾತ್ರಕ್ಕೆ ಊರೂರು ತಿರುಗೋ ವೃತ್ತಿ ನಟಿಯರ ದಮ್ಮು ಎಷ್ಟೋ ಡ್ಯಾನ್ಸರುಗಳಿಗಿಲ್ಲ. ರಿಹರ್ಸಲ್ ಇಲ್ಲದೆ ಹೊಸ ತಂಡದ ಜೊತೆ ಅಂದೇ ರಾತ್ರಿ ಆಡ್ತಾರೆ. ಅವರ ಹತ್ರ ಕಲಿಯೋದು ಬೇಕಾದಷ್ಟಿದೆ. ಹುಡುಗಿ ರಜೇಲಿ ಒಂದೆರಡು ನಾಟಕದಲ್ಲಿ ಪಾತ್ರ ಮಾಡಲಿ, ಅಮ್ಮನೂ ಜೊತೆಗೆ ಬರಲಿ.

ಪ್ರಶ್ನೆ ಕೇಳಿದವರು:

ಅಮ್ಮ ನಾಟಕಕ್ಕೆ ಬರ್ತಾರೋ ಇಲ್ವೋ ಮೇಡಂ 😅 ತರಬೇತಿಗೆ ಎಲ್ಲಿ ಸೇರಬಹುದು? ಹೊಟ್ಟೆಪಾಡು?

ಉತ್ತರ:

ಒಂದು ವರ್ಷದ ಕೋರ್ಸುಗಳು ಹೆಗ್ಗೋಡಿನ ನೀನಾಸಂನಲ್ಲಿ, ಮೈಸೂರಿನ ರಂಗಾಯಣದಲ್ಲಿ, ಎನ್‌ಎಸ್‌ಡಿ (ರಾಷ್ಟ್ರೀಯ ನಾಟಕ ಶಾಲೆ) ಬೆಂಗಳೂರು ಕೇಂದ್ರದಲ್ಲಿ ಇವೆ. ನಿಮ್ಮ ತಿಪಟೂರಿನಾಚೆ ಸಾಣೇಹಳ್ಳಿಯಲ್ಲೂ ರಂಗಶಾಲೆ ಇದೆ. ಡಿಗ್ರಿ ಮುಗಿಸ್ಕೊಂಡೇ ಅರ್ಜಿ ಹಾಕು. ಎಲ್ಲೂ ಮ್ಯೂಸಿಕಲ್ ಒಂದನ್ನೇ ಕಲಿಸಲ್ಲ, ಆದರೆ ಆಂಗಿಕ ಅನ್ನೋದು ದಿನಾ ಬೆಳಿಗ್ಗೆ ಇದ್ದೇ ಇರುತ್ತೆ, ಹಾಡೂ ಇರುತ್ತೆ. ನಮ್ಮ ಆಧುನಿಕ ರಂಗಭೂಮಿಗೆ ನಿರ್ದೇಶಕ ಬಿ.ವಿ. ಕಾರಂತರು ಅಂಟಿಸಿ ಹೋದ ಒಳ್ಳೆ ಚಾಳಿ ಅದು. ಅವರೂ ಹುಡುಗನಾಗಿ ಗುಬ್ಬಿ ಕಂಪನೀಲಿ ಪಳಗಿದವರೇ.

ಕೋರ್ಸ್ ಆದ್ಮೇಲೆ ನೀನಾಸಂ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರದಂಥ ಸಂಚಾರಿ ತಂಡಗಳಿಗೆ ಪ್ರಯತ್ನ ಮಾಡು. ಅಲ್ಲಿ ನಿಜವಾದ ಫಿಟ್‌ನೆಸ್ ಏನು ಅಂತ ಗೊತ್ತಾಗುತ್ತೆ: ಇವತ್ತು ಒಂದೂರು, ನಾಳೆ ಇನ್ನೊಂದೂರು. ನಾಟಕ ಮುಗಿದ ಮೇಲೆ ಸೆಟ್ಟು ಬಿಚ್ಚಿ ಲಾರಿಗೆ ತುಂಬೋರೂ ನಟರೇ. ಮೂರು ನಿಮಿಷದ ಹಾಡಿಗೆ ಕುಣಿಯೋದು ಇದರ ಮುಂದೆ ಏನೂ ಅಲ್ಲ.

ಹೊಟ್ಟೆಪಾಡು ಕಷ್ಟವೇ. ರಂಗಭೂಮಿ ಒಂದನ್ನೇ ನಂಬಿ ಬದುಕೋರು ಕಡಿಮೆ, ಬಹಳ ಜನ ಶಾಲೆಗಳಲ್ಲಿ ನಾಟಕ ಕಲಿಸ್ತಾರೆ, ಧಾರಾವಾಹಿಗೆ, ಡಬ್ಬಿಂಗಿಗೆ ಹೋಗ್ತಾರೆ. ಹಾಗಾಗಿ ಬಿ.ಎಡ್. ಮಾತನ್ನ ಶತ್ರು ಮಾಡ್ಕೋಬೇಡ. ಒಂದು ವರ್ಷ ರಂಗಶಾಲೆ, ಆಮೇಲೆ ಬಿ.ಎಡ್. ನೋಡೋಣ ಅಂತ ಅಮ್ಮನ ಹತ್ರ ಚೌಕಾಸಿ ಮಾಡು.

ಪ್ರಶ್ನೆ ಕೇಳಿದವರು:

ಕೊನೇ ಪ್ರಶ್ನೆ ಮೇಡಂ. ಆಡಿಷನ್ನಿಗೆ ಏನು ಹಾಕ್ಕೊಂಡು ಹೋಗಲಿ? ದಪ್ಪ ಕಾಣದ ಹಾಗೆ ದೊಗಲೆ ಬಟ್ಟೆ ಸರಿನಾ?

ಉತ್ತರ:

ಬೇಡ. ದೊಗಲೆ ಬಟ್ಟೇಲಿ ಮಂಡಿ, ಭುಜ ಕಾಣಲ್ಲ, ಏನೋ ಮುಚ್ಚಿಡ್ತಿದ್ದಾಳೆ ಅನ್ನೋದು ಮಾತ್ರ ಕಾಣುತ್ತೆ. ಮೈಗೆ ಸರಿಯಾಗಿ ಕೂರೋ ಕುರ್ತಾ, ಟ್ರ್ಯಾಕ್ ಪ್ಯಾಂಟ್ ಸಾಕು, ದುಪ್ಪಟ್ಟ ಬೇಡ. ಕೂದಲು ಎತ್ತಿ ಕಟ್ಟು. ಸಾಕ್ಸ್ ಹಾಕ್ಕೊಂಡು ಕುಣಿಯಬೇಡ, ಜಾರುತ್ತೆ. ನಿನ್ನ ಶ್ರುತಿ, ಅಂದ್ರೆ ನೀನು ಹಾಡೋ ಆಧಾರ ಸ್ವರ, ಕೀಬೋರ್ಡಿನ ಎಷ್ಟನೇ ಮನೆ ಅಂತ ಬಾಯಲ್ಲೇ ಇರಲಿ, ಕೀಬೋರ್ಡಿನವರು ಕೇಳಿದಾಗ ತಡಕಾಡಬಾರದು. ಹಾಡು ಒಂದು ನಿಮಿಷದ್ದು, ಆಲಾಪನೆ ಬಿಟ್ಟು ನೇರ ಸಾಹಿತ್ಯಕ್ಕೆ ಬಾ, ಯಾರಿಗೆ ಹಾಡ್ತಿದ್ದೀಯ ಅಂತ ಮೊದಲೇ ಮನಸ್ಸಲ್ಲಿ ಗೊತ್ತು ಮಾಡ್ಕೋ. ತುಮಕೂರಿಂದ ಬೆಳಗಿನ ರೈಲಿಗೇ ಹೊರಡು, ಬಸ್ಸಾದ್ರೆ ಊರು ದಾಟೋಷ್ಟರಲ್ಲಿ ಟ್ರಾಫಿಕ್ಕಿಗೇ ಸುಸ್ತಾಗ್ತೀಯ. ರಕ್ತ ಪರೀಕ್ಷೆ ರಿಪೋರ್ಟ್ ಬಂದ್ಮೇಲೆ ಇಲ್ಲೇ ಒಂದು ಮಾತು ಬರಿ.