ಚಿಕ್ಕಮ್ಮನ ಹಪ್ಪಳ, ಮಾವನ ತೀರ್ಪು, ಒಂದಿಷ್ಟು ಬಾಳೆಕಾಯಿ

ಚಿಕ್ಕಮ್ಮಾ, ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಮೆಸೇಜ್ ನಿನ್ನೆ ರಾತ್ರಿಯೇ ನೋಡಿದೆ. ಉತ್ತರ ಸ್ವಲ್ಪ ಉದ್ದ ಇದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವ ಬಾಬತ್ತಲ್ಲ, ಅದಕ್ಕೇ ಮಾತಾಡಿಬಿಡುತ್ತಿದ್ದೇನೆ, ಫೋನೇ ಅಕ್ಷರ ಮಾಡಿಕೊಳ್ಳಲಿ. ಮಾವ, ನೀವೂ ಓದಿ. ಅರ್ಧಕ್ಕೆ ಬಿಟ್ಟು ಗುಡ್ ಮಾರ್ನಿಂಗ್ ಹೂವು ಹಾಕಬೇಡಿ.

ನೀವು ಕೇಳಿದ್ದು ಇಷ್ಟು ಅಲ್ವಾ? ನಿಮ್ಮ ಸಂಘದವರು ಹಲಸಿನ ಹಪ್ಪಳ ಮಾಡುತ್ತೀರಿ, ಮುರುಗಲು, ಅಂದರೆ ಕೋಕಂ ಹಣ್ಣಿನ ಸಿಪ್ಪೆ ಒಣಗಿಸುತ್ತೀರಿ. ಊರಲ್ಲಿ ಎಲ್ಲರ ಮನೆಯಲ್ಲೂ ಅದೇ ಇರುವಾಗ ಕೊಳ್ಳುವವರು ಯಾರು? ಫೇಸ್‌ಬುಕ್ಕು, ಬ್ಲಾಗು ಅಂತ ಹುಡುಗರು ಹೇಳುತ್ತಾರೆ, ಅದರಿಂದ ದೂರದವರಿಗೆ ನಿಜವಾಗಿ ಸುದ್ದಿ ಮುಟ್ಟುತ್ತದಾ ಅಂತ ಕೇಳಿದಿರಿ. ಅದಕ್ಕೆ ಮಾವ 'ಅದೆಲ್ಲ ಕೆಲಸ ಇಲ್ಲದವರ ಟೈಂಪಾಸ್' ಅಂತ ಒಂದೇ ಸಾಲಲ್ಲಿ ತೀರ್ಪು ಕೊಟ್ಟರು. ಹಿಂದಿನಿಂದ ಹೆಬ್ಬೆರಳುಗಳ ಸಾಲು ಬೇರೆ.

ಮುಟ್ಟುತ್ತದೆ. ಆದರೆ ಹುಡುಗರು ಹೇಳುವ ಥರ ಅಲ್ಲ. ಒಂದು ಚಂದದ ಫೋಟೋ ಹಾಕಿ, 'ಎಲ್ಲರೂ ಶೇರ್ ಮಾಡಿ' ಅಂತ ಕೈಮುಗಿದರೆ ಏನೂ ಆಗುವುದಿಲ್ಲ. ಓದಿದವರು ತಾವೂ ಏನಾದರೂ ಮಾಡಿ ನೋಡುವ ಹಾಗಿರಬೇಕು. ಮಾಡಿದ್ದನ್ನು ವಾಪಸ್ ತಂದು ತೋರಿಸುವ ಹಾಗಿರಬೇಕು. ಇದಕ್ಕೆ ನಮ್ಮ ಕಡೆಯದ್ದೇ ಒಂದು ಕಥೆ ಇದೆ, 2021ರ ಬಾಳೆಕಾಯಿ ಕಥೆ. ನಿಮಗೂ ಅಲ್ಪಸ್ವಲ್ಪ ನೆನಪಿರಬಹುದು.

ಆ ವರ್ಷ ಕೊರೊನಾದ ಎರಡನೇ ಅಲೆ. ಲಾಕ್‌ಡೌನು. ಸಂತೆ ಇಲ್ಲ, ಮದುವೆ ಇಲ್ಲ, ಹೋಟೆಲ್ ಇಲ್ಲ, ಲಾರಿಯೂ ಸರಿಯಾಗಿ ಓಡುತ್ತಿಲ್ಲ. ಬಾಳೆಗೊನೆ ಮಾತ್ರ ಯಾರಿಗೂ ಕಾಯುವುದಿಲ್ಲವಲ್ಲ. ಬೆಲೆ ಪಾತಾಳಕ್ಕೆ ಇಳಿಯಿತು. ಕಡಿದು ಸಾಗಿಸುವ ಖರ್ಚೂ ಹುಟ್ಟುವುದಿಲ್ಲ ಅಂತ ಎಷ್ಟೋ ಜನ ಗೊನೆಯನ್ನು ತೋಟದಲ್ಲೇ ಬಿಟ್ಟರು, ದನಕ್ಕೆ ಹಾಕಿದರು. ಆಗ 'ಅಡಿಕೆ ಪತ್ರಿಕೆ' ಅನ್ನುವ ಕೃಷಿ ಮಾಸಿಕದ ಶ್ರೀ ಪಡ್ರೆಯವರು ಕೃಷಿಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಎತ್ತಿದರು. ಕಾಯಿ ಮಾರಲು ಆಗದಿದ್ದರೆ ಹುಡಿ ಮಾಡಿ ಇಟ್ಟುಕೊಳ್ಳಬಹುದಲ್ಲ? ಹಣ್ಣು ನಾಲ್ಕು ದಿನಕ್ಕೆ ಕೊಳೆಯುತ್ತದೆ, ಹುಡಿ ತಿಂಗಳುಗಟ್ಟಲೆ ಇರುತ್ತದೆ. ಬಾಳೆಕಾಯಿ ಹುಡಿಗೆ ಬಾಕಾಹು ಅಂತ ಚಿಕ್ಕ ಹೆಸರೂ ಬಿತ್ತು.

ಇದೇನೂ ಹೊಸ ಶೋಧ ಅಲ್ಲ. ಕೇರಳದಲ್ಲಿ ಎಳೆ ಮಕ್ಕಳಿಗೆ ಬಾಳೆಕಾಯಿ ಹುಡಿಯ ಗಂಜಿ ಮಾಡಿ ತಿನ್ನಿಸುವುದು ಅಜ್ಜಿಯರ ಕಾಲದಿಂದ ಇದೆ. ನಮ್ಮಲ್ಲಿ ಅದನ್ನು ದಿನದ ಅಡುಗೆಗೆ ಯಾರೂ ಅಷ್ಟಾಗಿ ತಂದಿರಲಿಲ್ಲ, ಅಷ್ಟೇ. ಆಲಪ್ಪುಳದ ಕೃಷಿ ವಿಜ್ಞಾನ ಕೇಂದ್ರದ ತಜ್ಞೆಯೊಬ್ಬರು ಮಾಡುವ ಕ್ರಮ ಹೇಳಿಕೊಟ್ಟರು. ತುಮಕೂರು ಜಿಲ್ಲೆಯ ಒಬ್ಬ ಗೃಹಿಣಿ ತಡಮಾಡದೆ ಮಾಡಿಯೇ ತೋರಿಸಿದರು. ಆಮೇಲೆ ನೋಡಿ, ಶುರುವಾಯಿತು.

ಶುರುವಾಗಿದ್ದು ಹೇಗೆ ಅನ್ನುವುದೇ ಮುಖ್ಯ. ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಬೆಳೆದ ಹಸಿ ಕಾಯಿ ತರಬೇಕು, ಹಣ್ಣಾಗುವ ಮೊದಲಿನದ್ದು. ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಬೇಕು. ಹೆಚ್ಚಿದ ಕೂಡಲೇ ಉಪ್ಪು ಹಾಕಿದ ಗಂಜಿ ತಿಳಿಯಲ್ಲಿ ಮುಳುಗಿಸಬೇಕು, ಇಲ್ಲದಿದ್ದರೆ ಗಾಳಿ ತಾಗಿ ಕಪ್ಪಾಗುತ್ತದೆ. ನಂತರ ಬಿಸಿಲಿಗೆ ಹರಡಿ, ಮುರಿದರೆ 'ಟಕ್' ಅನ್ನುವವರೆಗೆ ಒಣಗಿಸಿ, ಬೀಸಿ, ಜರಡಿ ಹಿಡಿಯಬೇಕು. ಇಷ್ಟೇ. ಬಂಡವಾಳ ಬೇಡ, ದೊಡ್ಡ ಯಂತ್ರ ಬೇಡ. ಮನೆಯಲ್ಲಿ ಚಾಕು, ಚಾಪೆ, ಮಿಕ್ಸಿ ಇದ್ದರೆ ಸಾಕು. ಮೆಸೇಜ್ ಓದಿದ ಮಧ್ಯಾಹ್ನವೇ ಒಬ್ಬರು ಕಾಯಿ ಹೆಚ್ಚಲು ಕೂರಬಹುದಿತ್ತು.

ಮಾಡಲು ಕೂತವರಿಗೆ ಸಂಶಯ ಬರುತ್ತದಲ್ಲ? ಕಪ್ಪಾದ ಹೋಳಿನ ಫೋಟೋ ಬಂತು, 'ಇದು ಯಾಕೆ ಹೀಗಾಯಿತು?' ಅಂತ. ಬೇರೆ ಊರಿನವರು ಯಾರೋ ತಾವು ಮಾಡಿದ್ದನ್ನು ಹೇಳಿದರು. ಅದು ಜೂನ್, ಜುಲೈ. ಕರಾವಳಿಯಲ್ಲಿ ಆಕಾಶ ಹರಿದ ಹಾಗೆ ಮಳೆ, ಬಿಸಿಲೆಲ್ಲಿಂದ ತರುವುದು? ಡ್ರೈಯರ್ ಇದ್ದವರು ಡ್ರೈಯರಿಗೆ ಹಾಕಿದರು, ಇಲ್ಲದವರು ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರು. ಬಯಲುಸೀಮೆಯವರು ಬಿಸಿಲಿಗೆ ಹರಡಿದ ಫೋಟೋ ಹಾಕಿ ಹೊಟ್ಟೆ ಉರಿಸಿದರು. ಆಮೇಲೆ ಅಡುಗೆಯ ಮೆರವಣಿಗೆ. ದೋಸೆ, ರೊಟ್ಟಿ, ಚಕ್ಕುಲಿ, ಉಂಡೆ, ಕೇಕು, ಗುಲಾಬ್ ಜಾಮೂನು. ಇದರಲ್ಲಿ ಗೋಧಿಯ ಜಿಗುಟು ಇಲ್ಲ, ಬರೀ ಹುಡಿಯಲ್ಲೇ ಚಪಾತಿ ಲಟ್ಟಿಸಿದರೆ ಹರಿದುಹೋಗುತ್ತದೆ. ಇಂಥ ಮಾತನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಮಾಡಿ ನೋಡಿದವರೇ ಹೇಳಬೇಕು.

ಆ ವರ್ಷ ಜುಲೈ 25ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಮೋದಿ ಇದನ್ನು ಹೇಳಿದರು. ದಕ್ಷಿಣ ಕನ್ನಡ, ಉತ್ತರ ಕನ್ನಡದ ಹೆಂಗಸರು ಬಾಳೆಕಾಯಿ ಹುಡಿಯಲ್ಲಿ ದೋಸೆ, ಗುಲಾಬ್ ಜಾಮೂನು ಮಾಡಿದ್ದು, ಫೋಟೋಗಳನ್ನು ಸೋಷಿಯಲ್ ಮೀಡಿಯಾದಲ್ಲಿ ಹಂಚಿಕೊಂಡಿದ್ದು, ಅದರಿಂದ ಬೇಡಿಕೆ ಹೆಚ್ಚಿದ್ದು ಎಲ್ಲ ಬಂತು. ಮಾವ, ನಿಮ್ಮ ಟೈಂಪಾಸ್ ಅಲ್ಲಿಯವರೆಗೆ ಹೋಗಿತ್ತು ನೋಡಿ.

ಒಂದು ಮಾತು ಮಾತ್ರ ಸೇರಿಸಲೇಬೇಕು. ಇದು ಬರೀ ಫೋನಿನ ಮಹಿಮೆ ಅಲ್ಲ. 'ಅಡಿಕೆ ಪತ್ರಿಕೆ' 1988ರಿಂದ ಪುತ್ತೂರಿನಿಂದ ಬರುತ್ತಿದೆ. ಕೃಷಿಕರ ಕೈಗೆ ಲೇಖನಿ ಕೊಡಬೇಕು ಅಂತಲೇ ಹೊರಟವರು ಅವರು. ತೋಟದವರು ತಮ್ಮ ತೋಟದ ವಿಷಯವನ್ನು ತಾವೇ ಬರೆಯಬೇಕು ಅನ್ನುವ ಅಭ್ಯಾಸ ಅಲ್ಲಿ ಮೂವತ್ತು ವರ್ಷದಿಂದ ಬೆಳೆದಿತ್ತು. ಹಲಸಿನ ಬಗ್ಗೆಯೂ ಅವರು ವರ್ಷಗಟ್ಟಲೆ ಬರೆದು, ಊರೂರು ಸುತ್ತಿ ಹೇಳಿದವರೇ. ಫೋನು ಬಂದಾಗ ಆ ನಂಬಿಕೆ, ಆ ಪರಿಚಯ ಎಲ್ಲ ಮೊದಲೇ ಇತ್ತು. ಸುಮ್ನೆ ಯಾರೋ ಗುರುತಿಲ್ಲದವರು 'ಬಾಳೆಕಾಯಿ ಒಣಗಿಸಿ' ಅಂದಿದ್ದರೆ ಯಾರು ಕೇಳುತ್ತಿದ್ದರು?

ಇನ್ನೊಂದು ಬಗೆಯೂ ಇದೆ, ಒಬ್ಬರೇ ಕೂಗಿ ಹೇಳುವುದು. 2020ರ ಏಪ್ರಿಲ್‌ನಲ್ಲಿ ಹಿರಿಯೂರು ತಾಲ್ಲೂಕಿನ ಒಬ್ಬ ರೈತ ಮಹಿಳೆ ತನ್ನ ಈರುಳ್ಳಿ ಕೊಳ್ಳುವವರಿಲ್ಲ ಅಂತ ಹೊಲದಲ್ಲೇ ನಿಂತು ಮಾತಾಡಿದ ವಿಡಿಯೊ ಓಡಾಡಿತ್ತಲ್ಲ? ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರವರೆಗೆ ಅದು ಮುಟ್ಟಿತು. ಒಳ್ಳೆಯದೇ ಆಯಿತು. ಆದರೆ ಚಿಕ್ಕಮ್ಮ, ಆ ದಾರಿಯನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಎಲ್ಲರ ವಿಡಿಯೊವೂ ಹಾಗೆ ಓಡುವುದಿಲ್ಲ, ಓಡಿದರೂ ಮುಂದಿನ ವಾರ ಜನ ಬೇರೆ ವಿಡಿಯೊ ನೋಡುತ್ತಿರುತ್ತಾರೆ. ಕಷ್ಟ ಹೇಳಿಕೊಳ್ಳಲು ಅದು ಸರಿ. ನಿಮಗಿರುವುದು ಕಷ್ಟ ಅಲ್ಲ, ಒಳ್ಳೆಯ ಹಪ್ಪಳ.

ಮಾವನ ಅನುಮಾನದಲ್ಲೂ ಹುರುಳಿಲ್ಲದೆ ಇಲ್ಲ. ಇದೇ ವಾಟ್ಸಾಪಿನಲ್ಲಿ 2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿ, ಬೀದರ್ ಜಿಲ್ಲೆಯಲ್ಲಿ ಏನೂ ತಪ್ಪು ಮಾಡದ ಒಬ್ಬ ಎಂಜಿನಿಯರನ್ನು ಜನ ಹೊಡೆದು ಕೊಂದರು. ಆ ವರ್ಷವೇ ವಾಟ್ಸಾಪಿನವರು ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂತ ಮಿತಿ ಹಾಕಿದರು. 2020ರಲ್ಲಿ, ಈಗಾಗಲೇ ಬಹಳ ಸಲ ಫಾರ್ವರ್ಡ್ ಆದದ್ದನ್ನು ಒಂದೊಂದೇ ಕಡೆಗೆ ಕಳಿಸುವ ಹಾಗೆ ಮಾಡಿದರು. ಜೋಡಿ ಬಾಣದ ಗುರುತು ಬರುತ್ತದಲ್ಲ, ಅದೇ. ಆ ಗುರುತು ಕಂಡರೆ ನಾನಂತೂ ಓದುವುದೇ ಇಲ್ಲ. ಮಾವ ಓದುತ್ತಾರೆ, ನಮಗೂ ಕಳಿಸುತ್ತಾರೆ, ಆ ಮಾತು ಇನ್ನೊಮ್ಮೆ ಆಡೋಣ.

ಹಾಗಾಗಿ 'ಇದನ್ನು ಹತ್ತು ಜನರಿಗೆ ಕಳಿಸಿ' ಅನ್ನುವ ದಾರಿ ಬೇಡವೇ ಬೇಡ. ಹಪ್ಪಳ ತಿಂದವರು ತಮ್ಮದೇ ಮಾತಲ್ಲಿ ಎರಡು ಸಾಲು ಬರೆದು, ತಮ್ಮದೇ ಬಾಣಲೆಯ ಫೋಟೋ ಹಾಕಿದರೆ ಅದರ ತೂಕವೇ ಬೇರೆ.

ಈಗ ಬ್ಲಾಗಿನ ವಿಷಯ. ಬ್ಲಾಗೆಲ್ಲ ಹಳೇ ಕಾಲದ್ದು, ಈಗ ರೀಲ್ಸ್ ಅಂತ ನಮ್ಮನೆಯ ಹುಡುಗಿಯೇ ನಗುತ್ತಾಳೆ. ನನಗೆ ಹಾಗನ್ನಿಸುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಹೇಳಿದ್ದು ಸಂತೆಯಲ್ಲಿ ಕೂಗಿದ ಹಾಗೆ, ಆಗ ಅಲ್ಲಿದ್ದವರಿಗೆ ಮಾತ್ರ ಕೇಳುತ್ತದೆ. ಬಾಕಾಹು ಗುಂಪುಗಳಲ್ಲಿ ಅಷ್ಟೆಲ್ಲ ಒಳ್ಳೆಯ ಮಾತು ಬಂತಲ್ಲ, ಈಗ ಹೊಸದಾಗಿ ಒಬ್ಬರು ಹುಡಿ ಮಾಡಲು ಹೊರಟರೆ ಅದನ್ನೆಲ್ಲ ಎಲ್ಲಿ ಹುಡುಕುತ್ತಾರೆ? ಗೂಗಲ್ ಗುಂಪಿನೊಳಗೆ ಇಣುಕುವುದಿಲ್ಲ. ಯಾರೋ ಪುಣ್ಯಾತ್ಮರು ಲೇಖನವಾಗಿ ಬರೆದಿಟ್ಟದ್ದು ಮಾತ್ರ ಸಿಗುತ್ತದೆ.

ಮಾವ, ಮೊದಲು ಕನ್ನಡ ಪತ್ರಿಕೆಯ ವೆಬ್‌ಸೈಟ್ ಓದಬೇಕಾದರೆ ಅವರವರ ಫಾಂಟು ಇಳಿಸಿಕೊಳ್ಳಬೇಕಿತ್ತು, ನೆನಪಿದೆಯಾ? ಇಲ್ಲದಿದ್ದರೆ ಪರದೆ ತುಂಬಾ ಚಿತ್ರವಿಚಿತ್ರ ಗುರುತು. ಹುಡುಕಿದರೆ ಒಂದಕ್ಷರ ಸಿಗುತ್ತಿರಲಿಲ್ಲ. ಎಲ್ಲ ಕಡೆಗೂ ಒಂದೇ ಆದ ಅಕ್ಷರ ಸಂಕೇತ, ಯುನಿಕೋಡ್, ರೂಢಿಗೆ ಬಂದ ಮೇಲೆ ಆ ಗೋಳು ತಪ್ಪಿತು. 2005ರಲ್ಲಿ ಹರಿಪ್ರಸಾದ್ ನಾಡಿಗರು 'ಸಂಪದ' ಅನ್ನುವ ಕನ್ನಡ ಜಾಲತಾಣ ಶುರು ಮಾಡಿದರು, ಯಾರು ಬೇಕಾದರೂ ಅಲ್ಲಿ ಬರೆಯಬಹುದಿತ್ತು. ಪತ್ರಿಕೆಗೆ ಕಳಿಸಿ ವಾಪಸ್ ಬಂದ ಬರಹವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡ ಎಷ್ಟೋ ಜನ ಆಮೇಲೆ ಬ್ಲಾಗುಗಳಲ್ಲಿ ಬರೆದರು. ಸಂಪಾದಕರ ಒಪ್ಪಿಗೆ ಬೇಡ, ಪುಟದ ಮಿತಿ ಇಲ್ಲ, ಖರ್ಚೂ ಇಲ್ಲ. ಊರಿನ ಅಡುಗೆ, ಹಳೇ ಹಾಡು, ಮನೆಮದ್ದು, ಎಲ್ಲ ಅಲ್ಲಿ ಬಂತು. ಆಗ ಬರೆದದ್ದರಲ್ಲಿ ಎಷ್ಟೋ ಈಗಲೂ ಹುಡುಕಿದರೆ ಸಿಗುತ್ತದೆ. ಮೊನ್ನೆ ಮೊನ್ನೆ ನೋಡಿದ ರೀಲ್ ಹುಡುಕಿ ತೆಗೆಯಿರಿ ನೋಡೋಣ.

ಚಿಕ್ಕಮ್ಮ, ನೀವು ಮಾಡಬೇಕಾದದ್ದು ಹೇಳುತ್ತೇನೆ. ಮೊದಲನೆಯದು ಮಾರುವ ಮಾತು ಅಲ್ಲ. ಬೆಂಗಳೂರಲ್ಲಿ ಹುಟ್ಟಿ ಬೆಳೆದ ಒಬ್ಬ ಹುಡುಗಿಯ ಕೈಗೆ ಮುರುಗಲು ಸಿಪ್ಪೆ ಕೊಟ್ಟರೆ ಅವಳಿಗೆ ಏನು ಗೊತ್ತಾಗುತ್ತದೆ? ಒಂದು ಲೋಟ ಪಾನಕಕ್ಕೆ ಎಷ್ಟು ಸಿಪ್ಪೆ, ಎಷ್ಟು ಹೊತ್ತು ನೆನೆಸಬೇಕು, ಸಾರಿಗೆ ಯಾವಾಗ ಹಾಕಬೇಕು, ಮೇಲೆ ಬಿಳಿ ಬಿಳಿ ಕಂಡರೆ ಅದು ಉಪ್ಪಾ ಬೂಸ್ಟಾ. ಇದನ್ನೆಲ್ಲ ನಿಮ್ಮ ಮಾತಲ್ಲೇ ಹೇಳಿ. ನೀವು ಫೋನಲ್ಲಿ ನನಗೆ ಹೇಳುವ ಹಾಗೇ ಇರಲಿ, ಸಾಹಿತ್ಯ ಬೇಡ. ಮುರುಗಲು, ಪುನರ್ಪುಳಿ, ಕೋಕಂ ಮೂರೂ ಹೆಸರು ಹಾಕಿ, ಹುಡುಕುವವರು ಯಾವುದರಲ್ಲಿ ಹುಡುಕುತ್ತಾರೋ. ಮಳೆ ಹಿಡಿಯುವ ಮೊದಲು ಹಣ್ಣು ಕೊಯ್ದು ಒಣಗಿಸಲು ನೀವು ಪಡುವ ಪಾಡನ್ನೂ ಬರೆಯಿರಿ. ಸಿಪ್ಪೆಗೆ ಅಷ್ಟು ಬೆಲೆ ಯಾಕೆ ಅಂತ ಕೇಳುವವರಿಗೆ ಅದೇ ಉತ್ತರ. ಬೀಜದಿಂದ ತೆಗೆದ ಮುರುಗಲು ತುಪ್ಪ ಒಡೆದ ಹಿಮ್ಮಡಿಗೆ ಹಚ್ಚುತ್ತೇವಲ್ಲ, ಅದಕ್ಕೆ ಬೇರೆಯೇ ಒಂದು ಬರಹ ಮಾಡಬಹುದು. ಬಿಳಿ ಮುರುಗಲು ಅಂತ ಒಂದಿದೆ ಅಂತಲೇ ಪೇಟೆಯ ಅರ್ಧ ಜನಕ್ಕೆ ಗೊತ್ತಿಲ್ಲ.

ಹಪ್ಪಳದ್ದೂ ಹಾಗೇ. ಬಲಿತ ಬಕ್ಕೆ ಕಾಯಿ, ಅಂದರೆ ಗಟ್ಟಿ ತೊಳೆಯ ಹಲಸು, ಯಾವುದು ಅಂತ ತಟ್ಟಿ ನೋಡಿ ಹೇಳುತ್ತೀರಲ್ಲ, ಅದನ್ನೇ ವಿಡಿಯೊ ಮಾಡಿ. ತೊಳೆ ಬೇಯಿಸಿ, ಬಿಸಿ ಇರುವಾಗಲೇ ಕುಟ್ಟಿ, ಉಂಡೆ ಕಟ್ಟಿ, ಒತ್ತಿ, ಚಾಪೆಗೆ ಹರಡುವವರೆಗೆ ಇರಲಿ. ಮುಖ ತೋರಿಸಲು ನಾಚಿಕೆ ಆದರೆ ಕೈ ಮಾತ್ರ ತೋರಿಸಿ. ಹಿಂದೆ ಸಂಗೀತ ಬೇಡ, ನಿಮ್ಮ ಮಾತೇ ಕೇಳಲಿ. 'ಗುಟ್ಟು ಬಿಟ್ಟುಕೊಟ್ಟರೆ ಅವರೇ ಮಾಡಿಕೊಳ್ಳುತ್ತಾರೆ' ಅಂತ ದೊಡ್ಡಮ್ಮ ಹೇಳಬಹುದು. ಮಾಡಿಕೊಳ್ಳಲಿ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಒಂದು ಹಲಸಿನಕಾಯಿ ಕೊಯ್ದು, ಮೇಣ ಬಿಡಿಸಿ, ಹಪ್ಪಳ ಒಣಗಿಸಿ ನೋಡಲಿ. ಮುಂದಿನ ಸಲ ನಿಮಗೇ ಫೋನ್ ಮಾಡುತ್ತಾರೆ.

ಪೇಜ್ ಮಾಡಿ ಲೈಕ್ ಒತ್ತಿ ಅಂತ ನೆಂಟರ ಬೆನ್ನು ಹತ್ತುವುದು ಬೇಡ. ದುಡ್ಡು ಕೊಟ್ಟು ಜಾಹೀರಾತು ಹಾಕುವುದೂ ಈಗಲೇ ಬೇಡ. ಕೇಳಿದವರಿಗೆ ಉತ್ತರ ಕೊಡುವುದು ಮಾತ್ರ ತಪ್ಪಬಾರದು. 'ಬೆಲೆ ಎಷ್ಟು' ಅಂತ ಕೇಳಿದವರಿಗೆ 'ಇನ್‌ಬಾಕ್ಸ್‌ಗೆ ಬನ್ನಿ' ಅನ್ನುತ್ತಾರಲ್ಲ, ಅದು ನನಗೆ ಚೂರೂ ಸೇರುವುದಿಲ್ಲ. ಎಲ್ಲರೆದುರೇ ಬೆಲೆ ಹೇಳಿ. ತಿನ್ನುವ ಪದಾರ್ಥ ಮಾರುವುದಾದರೆ ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐಯ ನೋಂದಣಿ ಬೇಕೇ ಬೇಕು, ಸಣ್ಣವರಿಗೂ. ಅದನ್ನು ಮೊದಲು ಮುಗಿಸಿ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗಿದೆ ಅಂತ ಯಾರಾದರೂ ಬರೆದರೆ ಅಳಿಸಬೇಡಿ. ಕಟ್ಟು ಬದಲಿಸಿ ಕೊಟ್ಟೆವು ಅಂತ ಅಲ್ಲೇ ಕೆಳಗೆ ಬರೆಯಿರಿ. ಅದನ್ನು ಓದಿದ ನಾಲ್ಕು ಜನ ಧೈರ್ಯವಾಗಿ ಕೊಳ್ಳುತ್ತಾರೆ.

ಟೈಪ್ ಮಾಡುವುದು ಯಾರು ಅಂತ ಯೋಚಿಸಬೇಡಿ. ನೀವು ನನ್ನ ಹಾಗೇ ಮಾತಾಡಿ ಇಲ್ಲಿ ಹಾಕಿ. ತಪ್ಪು ತಿದ್ದಿ ಬ್ಲಾಗಿಗೆ ಏರಿಸುವುದು ನನ್ನ ಕೆಲಸ, ಫೇಸ್‌ಬುಕ್ ನಮ್ಮನೆ ಹುಡುಗಿ ನೋಡಿಕೊಳ್ಳುತ್ತಾಳೆ, ರೀಲ್ಸ್ ಬೇಕಾದರೂ ಮಾಡಲಿ. ನಿಮ್ಮ ಸಂಘದಲ್ಲಿ ಯಾರ ಫೋನಿನ ಕ್ಯಾಮೆರಾ ಚೆನ್ನಾಗಿದೆ ಅಂತ ನಾಳೆ ಕೇಳಿ ಹೇಳಿ. ಮೊದಲು ಪಾನಕದ್ದೇ ಮಾಡೋಣ. ಮಾವ, ನೀವು ಮುಂದಿನ ವಾರ ಈ ಕಡೆ ಬರುವವರಿದ್ದೀರಲ್ಲ, ಸಿಪ್ಪೆ ಒಂದು ಕಿಲೋ, ಹಪ್ಪಳ ಎರಡು ಕಟ್ಟು ತನ್ನಿ. ದುಡ್ಡು ಕೊಟ್ಟೇ ತಗೊಳ್ಳುತ್ತೇನೆ.