ಇಂಡಿಯನ್ ಕಾಫಿ ಹೌಸ್‌ನ ಒಡೆತನ ಯಾರದು?

ಮಲೆನಾಡಿಗ:
ಬೆಂಗಳೂರಿನ ಚರ್ಚ್ ಸ್ಟ್ರೀಟ್, ತಿರುವನಂತಪುರದ ತಂಪಾನೂರು, ಕೋಲ್ಕತ್ತದ ಕಾಲೇಜ್ ಸ್ಟ್ರೀಟ್, ಈ ಮೂರೂ ಕಡೆಯ ಇಂಡಿಯನ್ ಕಾಫಿ ಹೌಸ್‌ಗಳಿಗೆ ಹೋಗಿದ್ದೇನೆ. ಮಾಣಿಗಳ ಬಿಳಿ ಸಮವಸ್ತ್ರ ಮತ್ತು ಪೇಟ ಒಂದೇ ಮನೆಯವರೆಂಬ ಭಾವನೆ ಹುಟ್ಟಿಸಿದರೂ, ತಿಂಡಿಗಳು ಊರಿಂದೂರಿಗೆ ಬೇರೆ. ತಿರುವನಂತಪುರದ ಮಸಾಲೆ ದೋಸೆಯ ಪಲ್ಯವಂತೂ ಬೀಟ್‌ರೂಟ್ ಬೆರೆತು ಕೆಂಪಗಿತ್ತು. ಇವೆಲ್ಲ ಒಂದೇ ಸಂಸ್ಥೆಗೆ ಸೇರಿದವೇ? ಕಾಫಿ ಮಂಡಳಿಗೆ ಇವುಗಳ ಮೇಲೆ ಇಂದಿಗೂ ಹಿಡಿತವಿದೆಯೇ?

ಹಳೇ ಕಡತ:
ಮಂಡಳಿಗೆ ಈಗ ಯಾವ ಹಿಡಿತವೂ ಇಲ್ಲ, ಆದರೆ ಹುಟ್ಟು ಅಲ್ಲಿಯದೇ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ, ದೇಶದೊಳಗೇ ಕಾಫಿ ಕುಡಿಯುವವರನ್ನು ಹೆಚ್ಚಿಸುವ ಸಲುವಾಗಿ, ಮಂಡಳಿಗಿಂತ ಮೊದಲಿದ್ದ ಕಾಫಿ ಸೆಸ್ ಸಮಿತಿಯು 1936ರಲ್ಲಿ ಮುಂಬಯಿಯ ಚರ್ಚ್‌ಗೇಟ್‌ನಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು. ಚಹಾ ಕುಡಿಯುವ ಊರುಗಳಿಗೆ ಕಾಫಿಯ ರುಚಿ ಹತ್ತಿಸುವುದೇ ಉದ್ದೇಶವಾಗಿದ್ದುದರಿಂದ ಲಾಭ ಮುಖ್ಯವಾಗಿರಲಿಲ್ಲ. 1950ರ ದಶಕದ ಮಧ್ಯದಲ್ಲಿ ಮಂಡಳಿಯು ಇವುಗಳನ್ನು ಮುಚ್ಚಲು ನಿರ್ಧರಿಸಿದಾಗ ಕೆಲಸ ಕಳೆದುಕೊಂಡ ನೌಕರರು, ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಬೆಂಬಲದೊಂದಿಗೆ, ಸಹಕಾರ ಸಂಘಗಳನ್ನು ಕಟ್ಟಿಕೊಂಡು ತಾವೇ ನಡೆಸಲು ಮುಂದಾದರು. ಅಂಥ ಮೊದಲ ಸಂಘ 1957ರ ಆಗಸ್ಟ್‌ನಲ್ಲಿ ಸ್ಥಾಪನೆಯಾದದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದನ್ನು ಇಲ್ಲಿಯವರೇ ನೆನೆಯುವುದು ಕಡಿಮೆ.

ಲೆಕ್ಕಿಗ:
ಹಳೇ ಕಡತ ಅವರ ಮಾತಿಗೆ ಒಂದು ಸೇರ್ಪಡೆ. ಮಲೆನಾಡಿಗರು ಕೇಳಿದ ಒಡೆತನದ ಪ್ರಶ್ನೆಗೆ ಉತ್ತರ ‘ಸಂಘಗಳು’ ಎಂಬ ಬಹುವಚನದಲ್ಲಿದೆ. ಕೇರಳ ಒಂದರಲ್ಲೇ ಎರಡು ಸಂಘಗಳಿದ್ದು, ತ್ರಿಶೂರಿನದು ದಕ್ಷಿಣದ ಜಿಲ್ಲೆಗಳನ್ನೂ ಕಣ್ಣೂರಿನದು ಉತ್ತರದ ಜಿಲ್ಲೆಗಳನ್ನೂ ನೋಡಿಕೊಳ್ಳುತ್ತದೆ. ಮಧ್ಯಪ್ರದೇಶದ ಕಡೆ ಜಬಲ್‌ಪುರದ ಸಂಘ ಪ್ರಬಲವಾಗಿದೆ. ಪ್ರತಿಯೊಂದಕ್ಕೂ ತನ್ನದೇ ಆಡಳಿತ ಮಂಡಳಿಯಿರುವಾಗ ದೋಸೆಯ ಪಲ್ಯ ಎಲ್ಲೆಡೆ ಒಂದೇ ಬಣ್ಣದ್ದಾಗಿರಲಿ ಎಂದು ಹೇಳುವವರು ಯಾರು? ಕೇರಳದಲ್ಲಿ ಕಟ್ಲೆಟ್‌ಗೂ ಬೀಟ್‌ರೂಟ್ ಹಾಕುತ್ತಾರೆ, ಅದಕ್ಕೆ ಅಲ್ಲಿ ಅಭಿಮಾನಿಗಳೂ ಇದ್ದಾರೆ. (ನಾನು ಆ ಪೈಕಿಯಲ್ಲ.)

ಮಲೆನಾಡಿಗ:
ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ ಕೇರಳದಲ್ಲಿ ಹೆಜ್ಜೆಹೆಜ್ಜೆಗೂ ಕಾಣುವ ಕಾಫಿ ಹೌಸ್, ಮೊದಲ ಸಂಘ ಹುಟ್ಟಿದ ಬೆಂಗಳೂರಿನಲ್ಲಿ ಏಕೆ ಇಷ್ಟು ವಿರಳ?

ಹಳೇ ಕಡತ:
ನನ್ನ ಅಭಿಪ್ರಾಯದಲ್ಲಿ ಎರಡು ಕಾರಣಗಳಿವೆ. ಕೇರಳದಲ್ಲಿ ಕಾಫಿ ಹೌಸ್ ಎಂದರೆ ಮಧ್ಯಾಹ್ನದ ಊಟ, ಬಿರಿಯಾನಿಯೂ ಸಿಗುವ ಪೂರ್ಣ ಪ್ರಮಾಣದ ಹೋಟೆಲು. ಬೆಂಗಳೂರಿನಲ್ಲಾದರೋ ದೋಸೆ, ಕಾಫಿಗೆ ಬೀದಿಗೊಂದು ಉಡುಪಿ ಹೋಟೆಲಿನ ಪೈಪೋಟಿ, 1980ರ ದಶಕದಿಂದೀಚೆಗೆ ದರ್ಶಿನಿಗಳದ್ದೂ ಸೇರಿಕೊಂಡಿತು. ಇನ್ನೊಂದು ಕಾರಣ ಜಾಗ. ಎಂ. ಜಿ. ರಸ್ತೆಯ ಹಳೆಯ ಕಾಫಿ ಹೌಸ್ 2009ರಲ್ಲಿ ಬಾಡಿಗೆ ಕಟ್ಟಡ ತೆರವು ಮಾಡಿ ಚರ್ಚ್ ಸ್ಟ್ರೀಟಿಗೆ ಬರಬೇಕಾಯಿತು. ಕಾಫಿಯ ದರವನ್ನು ಕೈಗೆಟುಕುವಂತೆ ಇಟ್ಟುಕೊಂಡ ಸಂಘವೊಂದು ನಗರದ ನಡುವಿನ ಬಾಡಿಗೆಯನ್ನು ಎಷ್ಟು ಕಾಲ ಭರಿಸೀತು? ಅದೇ ತಂಪಾನೂರಿನಲ್ಲಿ ಲಾರಿ ಬೇಕರ್ ವಿನ್ಯಾಸಗೊಳಿಸಿದ ಇಟ್ಟಿಗೆಯ ಸುರುಳಿ ಕಟ್ಟಡವಿದೆ. ಇಳಿಜಾರಿನ ದಾರಿಯುದ್ದಕ್ಕೂ ಗೋಡೆಗಂಟಿದಂತೆ ಮೇಜು, ಆಸನಗಳನ್ನು ಕಟ್ಟಿರುವುದರಿಂದ ಸಣ್ಣ ನಿವೇಶನದಲ್ಲೇ ಬಹಳ ಜನಕ್ಕೆ ಸ್ಥಳ ಸಿಕ್ಕಿದೆ.