ಸಣ್ಣ ದನಿಗೆ ಕರಕರ ಎನ್ನುವ ಪುಶ್-ಪುಲ್ ಆಂಪ್ಲಿಫೈಯರ್: ಪ್ರಶ್ನೋತ್ತರ

ಧಾರವಾಡದ ಸದಸ್ಯ: ಸರ್, ನಮ್ಮ ಆಂಪ್ಲಿಫೈಯರಿನ 2ಎನ್3055, ಎಂಜೆ2955 ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿ ಸುಟ್ಟಿದ್ದರಿಂದ ಹೊಸದನ್ನು ಹಾಕಿಸಿದೆವು. ಅಂದಿನಿಂದ ದನಿ ತಗ್ಗಿಸಿದರೆ ತಂಬೂರಿಯ ನಾದ ಕರಕರ ಎನ್ನುತ್ತದೆ, ಏರಿಸಿದರೆ ತಿಳಿಯಾಗುತ್ತದೆ. ಸ್ಪೀಕರ್ ಕೆಟ್ಟಿದೆಯೇ?

ತಂತ್ರಜ್ಞ, ಹುಬ್ಬಳ್ಳಿ: ದನಿ ಏರಿಸಿದಾಗ ತಿಳಿಯಾಗುವುದರಿಂದ ನನಗೆ ಸ್ಪೀಕರಿನ ಮೇಲೆ ಅನುಮಾನವಿಲ್ಲ. ಪುಶ್-ಪುಲ್ಲಿನಲ್ಲಿ ಒಂದು ಟ್ರಾನ್ಸಿಸ್ಟರ್ ಅಲೆಯ ಮೇಲಿನ ಅರ್ಧವನ್ನೂ ಇನ್ನೊಂದು ಕೆಳಗಿನ ಅರ್ಧವನ್ನೂ ಹೊರುತ್ತವೆ. ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ಎಂಬ ಕಾಲುಗಳ ನಡುವೆ ಸುಮಾರು 0.6 ವೋಲ್ಟ್ ಸಿಗುವವರೆಗೆ ಎರಡೂ ಸುಮ್ಮನಿರುತ್ತವೆ. ಆ ಕೊರತೆಯನ್ನು ತುಂಬುವುದೇ ಬಯಾಸ್. ಅದು ಸಾಲದಿದ್ದರೆ ಅಲೆಯು ಸೊನ್ನೆಯನ್ನು ದಾಟುವ ಜಾಗದಲ್ಲಿ ಮುರಿಯುತ್ತದೆ. ದೊಡ್ಡ ಅಲೆಯಲ್ಲಿ ಅಡಗಿಹೋಗುವ ಆ ಮುರುಕು ಸಣ್ಣ ನಾದದಲ್ಲಿ ಎದ್ದು ಕೇಳಿಸುತ್ತದೆ. ರಿಪೇರಿ ಮಾಡಿದವರು ಮತ್ತೆ ಸುಟ್ಟೀತೆಂಬ ಭಯದಿಂದ ಪ್ರಿಸೆಟ್ಟನ್ನು (ಬಯಾಸ್ ಹೊಂದಿಸುವ ಪುಟ್ಟ ತಿರುಪನ್ನು) ಪೂರ್ತಿ ಇಳಿಸಿರಬಹುದು. ಬಯಾಸ್ ಕೊಡುವ ಸಣ್ಣ ಟ್ರಾನ್ಸಿಸ್ಟರ್ ಹೀಟ್‌ಸಿಂಕಿಗೆ (ಬಿಸಿ ಹೊರಹಾಕುವ ಲೋಹದ ತುಂಡಿಗೆ) ಅಂಟಿಕೊಂಡಿದೆಯೇ, ನೋಡಿ ತಿಳಿಸಿ.

ಗದಗಿನ ಸದಸ್ಯ: ಬೇರೆ ಗುಂಪಿನಿಂದ ಬಂದದ್ದು: "ಎಮಿಟರಿನ 0.22 ಓಮ್ ರೆಸಿಸ್ಟರ್ ತೆಗೆದು ತಂತಿ ಹಾಕಿ, ದನಿ ಬಿಚ್ಚಿಕೊಳ್ಳುತ್ತದೆ."

ತಂತ್ರಜ್ಞ: ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಟ್ರಾನ್ಸಿಸ್ಟರ್ ಒಂದು ಡಿಗ್ರಿ ಬಿಸಿಯಾದರೆ ಅದಕ್ಕೆ ಬೇಕಾದ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುವುದರಿಂದ ಕರೆಂಟ್ ಏರುತ್ತದೆ, ಕರೆಂಟ್ ಏರಿದಂತೆ ಮತ್ತಷ್ಟು ಬಿಸಿಯಾಗುತ್ತದೆ. ಅದನ್ನು ತಡೆಯಲೆಂದೇ ಆ ರೆಸಿಸ್ಟರ್ ಇದೆ. ತಂತಿ ಹಾಕಿದರೆ ಟ್ರಾನ್ಸಿಸ್ಟರ್ ಸುಟ್ಟು ಶಾರ್ಟ್ ಆಗುತ್ತದೆ, ಅಂಥವರ ಸ್ಪೀಕರ್ ಕಾಯಿಲ್ ಕಪ್ಪಾಗಿ ನನ್ನ ಮೇಜಿಗೆ ಬರುತ್ತದೆ.

ಹಾವೇರಿಯ ಸದಸ್ಯ: ನಮ್ಮದರಲ್ಲಿ ಎರಡು ಜೋಡಿ ಟ್ರಾನ್ಸಿಸ್ಟರ್‌ಗಳಿದ್ದು ಒಂದೇ ಜೋಡಿ ಬಿಸಿಯಾಗುತ್ತಿದೆ, ಏಕೆ?

ಗದಗಿನ ಸದಸ್ಯ: ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಒಂದಂಶವನ್ನು ಇನ್‌ಪುಟ್ಟಿಗೆ ಮರಳಿಸಿ ತಪ್ಪು ತಿದ್ದುವುದು) ಹೆಚ್ಚಿಸಿದರೆ ಬಯಾಸಿನ ಗೊಡವೆಯೇ ಬೇಡವಲ್ಲವೇ?

ಹುಬ್ಬಳ್ಳಿಯ ಸದಸ್ಯ: ಬೇಕು. ಸೊನ್ನೆ ದಾಟುವ ಕ್ಷಣದಲ್ಲಿ ಔಟ್‌ಪುಟ್ ಹಂತವೇ ಮಲಗಿದ್ದರೆ ಫೀಡ್‌ಬ್ಯಾಕ್ ಯಾವುದನ್ನು ತಿದ್ದಬೇಕು?

ಗದಗಿನ ಸದಸ್ಯ: ತಾವು ಪುಸ್ತಕ ಓದಿ ಹೇಳುತ್ತಿದ್ದೀರಿ, ನಾನು ಕಟ್ಟಿ ಕೇಳಿದ್ದೇನೆ.

ಹುಬ್ಬಳ್ಳಿಯ ಸದಸ್ಯ: ಎಮಿಟರಿಗೆ ತಂತಿ ಹಾಕಿ ಕಟ್ಟಿದ್ದಿರೇನು?

ತಂತ್ರಜ್ಞ: ಇಬ್ಬರೂ ನಿಲ್ಲಿಸಿ. ಅಳತೆ ಮೀರಿದ ಫೀಡ್‌ಬ್ಯಾಕಿನಿಂದ ಆಂಪ್ಲಿಫೈಯರ್ ತಾನೇ ಆಸಿಲೇಟ್ ಆಗತೊಡಗಬಹುದು, ಅಂದರೆ ತಾನಾಗಿ ಅಲೆ ಹುಟ್ಟಿಸತೊಡಗಬಹುದು. ಬಯಾಸ್ ಮೊದಲು.

ಧಾರವಾಡದ ಸದಸ್ಯ: ಬಯಾಸ್ ಟ್ರಾನ್ಸಿಸ್ಟರ್ ಹೀಟ್‌ಸಿಂಕಿಗೆ ಅಂಟಿಕೊಂಡಿದೆ ಸರ್, ಬಿಸಿ ದಾಟಿಸುವ ಪೇಸ್ಟೂ ಇದೆ.

ತಂತ್ರಜ್ಞ: ಒಳ್ಳೆಯದು. ಸ್ಪೀಕರ್ ಬಿಚ್ಚಿ, ವಾಲ್ಯೂಮ್ ಸೊನ್ನೆಗಿಟ್ಟು, 100 ವಾಟಿನ ಹಳೆಯ ಕಾಲದ (ಫಿಲಮೆಂಟಿನ) ಬಲ್ಬನ್ನು ಮೇನ್ಸ್ ಲೈನಿಗೆ ಸೀರೀಸಿನಲ್ಲಿಟ್ಟು ಚಾಲೂ ಮಾಡಿ. ಬಲ್ಬ್ ಒಮ್ಮೆ ಹೊತ್ತಿ ಮಂಕಾದರೆ ಮಾತ್ರ ಅದನ್ನು ತೆಗೆದು, ಎರಡು ಎಮಿಟರ್‌ಗಳ ನಡುವೆ ಮಲ್ಟಿಮೀಟರ್ ಹಿಡಿದು ಪ್ರಿಸೆಟ್ಟನ್ನು ಕೂದಲೆಳೆಯಷ್ಟೇ ತಿರುಗಿಸುತ್ತ 18 ಮಿಲಿವೋಲ್ಟಿಗೆ ತನ್ನಿ; ಎರಡು 0.22 ಓಮ್ ಸೇರಿ ಅದು ಸುಮಾರು 40 ಮಿಲಿಆಂಪಿಯರ್ ಆಗುತ್ತದೆ. 20 ನಿಮಿಷ ಬಿಟ್ಟು ಮತ್ತೆ ನೋಡಿ, ಏರುತ್ತಲೇ ಇದ್ದರೆ ಆರಿಸಿಬಿಡಿ. ಮೀಟರಿನ ಕಡ್ಡಿ ಜಾರಬಾರದು.

ಇನ್ನೊಬ್ಬ ಸದಸ್ಯ: ಪವರ್ ಸಪ್ಲೈ ಫಿಲ್ಟರಿಗೆ 10,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಈ ಕರಕರ ಹೋಗುತ್ತದೆಯೇ?

ತಂತ್ರಜ್ಞ: ಇಲ್ಲ. ಅದು ಹಮ್ಮಿಗೆ, ಅಂದರೆ ಸಪ್ಲೈಯಿಂದ ಬರುವ ಗುಂಯ್ ಸದ್ದಿಗೆ.

ಇನ್ನೊಬ್ಬ ಸದಸ್ಯ: ಎರಡು ಹಾಕಿದರೆ?

ತಂತ್ರಜ್ಞ: ಮೇಲಿನ ಉತ್ತರವನ್ನೇ ಓದಿ.

ಧಾರವಾಡದ ಸದಸ್ಯ: ಮೊದಲು 0.4 ಮಿಲಿವೋಲ್ಟ್ ಇತ್ತು ಸರ್, ಈಗ 18ರಲ್ಲಿ ನಿಂತಿದೆ. ತಂಬೂರಿ ತಿಳಿಯಾಗಿದೆ.

ಹಾವೇರಿಯ ಸದಸ್ಯ: ನನ್ನ ಪ್ರಶ್ನೆ ಹಾಗೇ ಉಳಿದಿದೆ.